ದಡದ ಹತ್ತು ಅಡಿ

ದೋಣಿಯ ಬಗ್ಗೆ ಕವಿತೆ ಕಟ್ಟಿದವರೆಲ್ಲ ನಡುನೀರಿನ ಗಿರಾಕಿಗಳು. ಅಲೆ, ಗಾಳಿ, ಆಚೆ ದಡ, ಒಬ್ಬ ಅಂಬಿಗ ಇಷ್ಟು ಸಿಕ್ಕರೆ ಅವರಿಗೆ ಸಾಕು. ಆ ದೋಣಿ ನೀರಿಗೆ ಇಳಿದದ್ದು ಹೇಗೆ, ಸಂಜೆ ಅದನ್ನು ಮೇಲಕ್ಕೆ ಎಳೆದವರು ಯಾರು, ಎಳೆಯುವ ದಾರಿಗೆ ಅಡ್ಡ ಬೈಕು ನಿಲ್ಲಿಸಿ ಹೋದವನಿಗೆ ಏನೇನು ಬೈಗುಳ ಬಿತ್ತು ಎಂಬುದು ಅವರ ಲೆಕ್ಕಕ್ಕೆ ಇಲ್ಲ. ನಾನು ಹೊನ್ನಾಳಿ ಕಡೆಯವನು. ತುಂಗಭದ್ರೆಯ ದಂಡೆಯಲ್ಲಿ ಕೆಲಸವಿಲ್ಲದೆ ನಿಲ್ಲುವುದು ನಮ್ಮೂರಿನ ಹಳೆಯ ಕಸುಬು. ಹಾಗೆ ನಿಂತು ನೋಡಿದವನಾಗಿ ಹೇಳುತ್ತೇನೆ, ತಮಾಷೆಯೂ ತಾಪತ್ರಯವೂ ಇರುವುದು ದಡದ ಹತ್ತು ಅಡಿಯಲ್ಲೇ.

ಇದೇ ಹೊಳೆಯ ಕೆಳಗೆ, ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದ ಹೆಸರಿನೊಂದಿಗೆ ಕೂಡಿಕೊಂಡಿರುವ ಅಂಬಿಗರ ಚೌಡಯ್ಯನ ವಚನಗಳಿಗೆ ಯಾಕಷ್ಟು ಖಾರ ಎಂದು ವಿದ್ವಾಂಸರು ಬಗೆಬಗೆಯಾಗಿ ಹೇಳುತ್ತಾರೆ. ನನ್ನ ಊಹೆ ಸರಳ. ದಿನಬೆಳಗಾದರೆ ದಡದಲ್ಲಿ ನಿಂತು ಜನರನ್ನು ಹತ್ತಿಸಿ ಇಳಿಸಿದವನ ನಾಲಿಗೆ ಮೆತ್ತಗಿರಲು ಸಾಧ್ಯವೇ ಇಲ್ಲ.

ನಮ್ಮಲ್ಲಿ ದೋಣಿ ಅಂದರೆ ತೆಪ್ಪ. ಪುಸ್ತಕದವರು ಹರಿಗೋಲು ಅನ್ನುತ್ತಾರೆ. ಬಿದಿರ ಸೀಳಿನ ದುಂಡು ಹೆಣಿಗೆ, ಹೊರಮೈಗೆ ಹಿಂದೆ ಚರ್ಮ, ಈಗ ತಾಡಪಾಲು ಇಲ್ಲವೇ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಬಳಿದ ಡಾಂಬರು. ಮೀನುಗಾರಿಕೆ ಇಲಾಖೆ ಕೊಡುವ ಫೈಬರ್‌ನವು ಇತ್ತೀಚಿನವು. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಆನೆಗೊಂದಿಗೆ ದಾಟುವ ಜನರನ್ನು ಕಂಡು, ಈ ದೋಣಿಗಳು ಬುಟ್ಟಿಯ ಹಾಗೆ ದುಂಡಗಿವೆ, ಹೊರಗೆ ಚರ್ಮ ಹೊದಿಸಿದ್ದಾರೆ, ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ಹುಟ್ಟು ಹಾಕಿದರೆ ಸುತ್ತುತ್ತಲೇ ಸಾಗುತ್ತವೆ ಎಂದು ಬರೆದಿಟ್ಟ. ಐನೂರು ವರ್ಷವಾದರೂ ಅವು ಸುತ್ತುವುದು ನಿಂತಿಲ್ಲ. ಪಾಯಸನ ಕಣ್ಣೂ ನಡುನೀರಿನ ಮೇಲೇ ಇತ್ತು ಎಂಬುದಷ್ಟೇ ನನ್ನ ತಕರಾರು.

ತೆಪ್ಪ ದಡಕ್ಕೆ ಬರುವುದನ್ನು ನೋಡಬೇಕು. ಹಿಂದೆಲ್ಲ ತಲೆಯ ಮೇಲೆ ಬೋರಲಾಗಿ ಬರುತ್ತಿತ್ತು. ಈಗ ಟಿವಿಎಸ್ ಗಾಡಿಯ ಹಿಂದಿನ ಸೀಟಿಗೆ ಹಗ್ಗ ಬಿಗಿದುಕೊಂಡು ಬರುತ್ತದೆ. ಹಿಂದಿನಿಂದ ನೋಡಿದರೆ ಸವಾರ ಕಾಣುವುದಿಲ್ಲ, ಒಂದು ದೊಡ್ಡ ಕರೀ ಚಕ್ರ ತನ್ನಷ್ಟಕ್ಕೆ ರಸ್ತೆಯಲ್ಲಿ ಹೋಗುತ್ತಿರುತ್ತದೆ. ಬೆಸ್ತರವನು ಗಾಡಿಯನ್ನು ಮೇಲೆಯೇ, ಬೇವಿನ ಮರದ ಹತ್ತಿರ ನಿಲ್ಲಿಸುತ್ತಾನೆ. ಬಲೆ ಬಿಡಿಸಿ ಮಡಚಿಕೊಳ್ಳುವುದು, ಹುಟ್ಟು ತೆಗೆದಿಡುವುದು, ಬುತ್ತಿ, ಬೀಡಿ, ಬ್ಯಾಟರಿ ಎಲ್ಲವನ್ನೂ ತೆಪ್ಪದೊಳಗೆ ಜೋಡಿಸುವುದು ಅಲ್ಲೇ ಮುಗಿಯುತ್ತದೆ. ಆಮೇಲೆ ಕೆಳಗೆ ಬಂದವನೇ ತೆಪ್ಪ ನೀರಿಗೆ ಇಟ್ಟು, ಒಂದು ಕಾಲು ಒಳಗೆ, ಇನ್ನೊಂದು ಕಾಲಿನಿಂದ ದಡಕ್ಕೊಂದು ಒದೆ. ಹೋದ. ನೀರಿನ ಅಂಚಿನಲ್ಲಿ ಬಲೆಯ ಗಂಟು ಬಿಡಿಸುತ್ತ ಕೂತ ಬೆಸ್ತರವನನ್ನು ನಾನು ನೋಡಿಲ್ಲ. ಆ ಜಾಗ ಮುಂದಿನವನದು ಎಂಬುದು ಅವರಲ್ಲಿ ಯಾರೂ ಬರೆದಿಡದ ಕಾನೂನು.

ಇದನ್ನು ಕಾನೂನು ಎಂದು ಗುರುತಿಸಿದ್ದು ನಾನಲ್ಲ, ಅಮೆರಿಕದ ಮಿನ್ನೆಸೋಟಾದಲ್ಲಿರುವ ನನ್ನ ಅಕ್ಕನ ಮಗ. ಹತ್ತು ಸಾವಿರ ಕೆರೆಗಳ ನಾಡು ಎಂದು ವಾಹನದ ನಂಬರ್ ಪ್ಲೇಟಿನ ಮೇಲೇ ಬರೆದುಕೊಂಡ ರಾಜ್ಯ ಅದು. ಅವನದೊಂದು ಮೋಟಾರು ದೋಣಿ ಇದೆ. ಅದು ನೀರಿನಲ್ಲಿ ಇರುವುದಕ್ಕಿಂತ ಮನೆಯ ಶೆಡ್ಡಿನಲ್ಲಿ ಇರುವುದೇ ಹೆಚ್ಚು. ಬೇಸಿಗೆಯ ಶನಿವಾರ ಬಂತೆಂದರೆ ಅದನ್ನು ಟ್ರೇಲರ್ ಮೇಲೆ ಹೇರಿ, ಕಾರಿನ ಹಿಂದೆ ಕಟ್ಟಿ, ಕೆರೆಗೆ ಹೊರಡುತ್ತಾನೆ. ಅಲ್ಲಿ ನೀರಿನೊಳಕ್ಕೇ ಇಳಿದು ಹೋಗುವ ಕಾಂಕ್ರೀಟಿನ ಇಳಿಜಾರು ಇರುತ್ತದಂತೆ, ಅದಕ್ಕೆ ರ್‍ಯಾಂಪು ಅನ್ನುತ್ತಾರೆ. ಬೆಳಿಗ್ಗೆಯೇ ಹೋದರೂ ಮುಂದೆ ಸಾಲು. ಸಾಲಿನಲ್ಲಿ ನಿಂತಾಗಲೇ ಬಿಗಿದ ಪಟ್ಟಿ ಬಿಚ್ಚಬೇಕು, ದೋಣಿಯ ಹಿಂದಿನ ತೂತಿಗೆ ಬಿರಡೆ ಹಾಕಬೇಕು, ಹಗ್ಗ ಕಟ್ಟಿಟ್ಟುಕೊಳ್ಳಬೇಕು. ಇಳಿಜಾರಿಗೆ ಬಂದ ಮೇಲೆ ಹಿಮ್ಮುಖ ಬಿಡು, ದೋಣಿ ತೇಲಿಸು, ಕಾರು ತೆಗೆ, ಅಷ್ಟೇ. ವಾಪಸ್ ಬರುವಾಗ ದೋಣಿ ಟ್ರೇಲರ್ ಮೇಲೆ ಕೂತ ಕೂಡಲೇ ಮೊದಲು ಮೇಲಕ್ಕೆ ಎಳೆದುಕೊಂಡು ದೂರ ಹೋಗಬೇಕು, ಕಟ್ಟುವುದು ಒರೆಸುವುದು ಆಮೇಲೆ. ಇದನ್ನು ಮರೆತು ಇಳಿಜಾರಿನಲ್ಲೇ ನಿಂತು ಐಸ್ ಪೆಟ್ಟಿಗೆ ಹುಡುಕುವವನಿಗೆ ಹಿಂದಿನಿಂದ ಹಾರ್ನು ಬೀಳುತ್ತದೆ.

"ಮಾವ, ಅಲ್ಲಿ ಟ್ರೇಲರ್ ಹಿಂದಕ್ಕೆ ಬಿಡೋವಾಗ ಆಗೋ ಗಂಡ-ಹೆಂಡ್ತಿ ಜಗಳ ನೋಡೋಕೆ ಅಂತಲೇ ಜನ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ" ಅಂದ.

"ನಮ್ಮಲ್ಲಿ ಕುರ್ಚಿ ಇಲ್ಲ, ನಿಂತ್ಕೊಂಡೇ ನೋಡ್ತೀವಿ" ಅಂದೆ.

ನಿಂತು ನೋಡುವ ಅವಕಾಶ ಅವನಿಗೂ ಸಿಕ್ಕಿತು. ಅವನು ಬಂದದ್ದು ಗಣಪತಿ ಬಿಡುವ ದಿನಗಳಲ್ಲಿ. ಹೊನ್ನಾಳಿಯಲ್ಲಿ ಹೊಳೆ ಅತ್ಯಂತ ಬ್ಯುಸಿಯಾಗುವುದು ಆಗಲೇ. ಮೂರ್ತಿ ಬರುವುದು ಟ್ರ್ಯಾಕ್ಟರಿನ ಟ್ರೇಲರ್ ಮೇಲೆ. ಸೀರಿಯಲ್ ಸೆಟ್ಟು, ಬಾಳೆಕಂದು, ಹಿಂದೆ ಜನರೇಟರ್, ಮುಂದೆ ಡೊಳ್ಳು. ಮೆರವಣಿಗೆ ಊರು ಸುತ್ತುವವರೆಗೆ ಎಲ್ಲರೂ ಭಕ್ತರು, ಹೊಳೆಯ ಇಳಿಜಾರಿಗೆ ಬಂದ ಕೂಡಲೇ ಎಲ್ಲರೂ ಡ್ರೈವಿಂಗ್ ಮೇಷ್ಟ್ರು. "ಬರ್ಲಿ ಬರ್ಲಿ... ಎಡಕ್ಕೆ ಕಡಿ... ಎಡಕ್ಕೋ ಮಾರಾಯ, ಅದು ನಿನ್ನೆಡ... ಹೋಲ್ಡಾನ್! ಹೋಲ್ಡಾನ್!" ಒಬ್ಬ ಟ್ರೇಲರಿನ ಬಾಡಿಗೆ ಧಡಧಡ ಬಡಿಯುತ್ತಾನೆ. ಬಡಿದದ್ದು ನಿಲ್ಲು ಎಂದೋ ಬಾ ಎಂದೋ ಯಾರಿಗೂ ತಿಳಿಯದು. ಒಬ್ಬ ಗಾಲಿಗೆ ಕೊಡಲು ಕಲ್ಲು ಹಿಡಿದು ಪಕ್ಕದಲ್ಲೇ ಬಗ್ಗಿಕೊಂಡು ಬರುತ್ತಿರುತ್ತಾನೆ. ನಿಜವಾಗಿ ಉಪಯೋಗಕ್ಕೆ ಬರುವ ಮನುಷ್ಯ ಅವನೊಬ್ಬನೇ, ಅವನು ಮಾತಾಡುವುದಿಲ್ಲ.

ಡ್ರೈವರು ಕೊನೆಗೆ ಇಂಜಿನ್ ಸದ್ದು ಇಳಿಸಿ, ಸೀಟಿನ ಮೇಲೆ ಎದ್ದು ನಿಂತ. "ಒಬ್ರು ಹೇಳ್ರಪ್ಪಾ. ಯಾರಾರ ಒಬ್ರೇ ಹೇಳ್ರಿ."

ಟ್ರೇಲರ್ ಹಿಂದಕ್ಕೆ ಬಿಡುವುದರಲ್ಲಿ ಒಂದು ಉಲ್ಟಾ ಇದೆ. ಎರಡು ಗಾಲಿಯ ಟ್ರೇಲರಾದರೆ, ಸ್ಟೇರಿಂಗ್ ಬಲಕ್ಕೆ ತಿರುಗಿಸಿದಾಗ ಅದರ ಬಾಲ ಎಡಕ್ಕೆ ಹೋಗುತ್ತದೆ. ಟ್ರೇಲರ್ ಗಿಡ್ಡಾದಷ್ಟೂ ಬೇಗ ಸೊಟ್ಟಗಾಗಿ ಮಡಚಿಕೊಳ್ಳುತ್ತದೆ. ಎರಡು ಗಾಲಿಯದಾದರೆ ತಿರುಗುವ ಕೀಲು ಒಂದೇ, ಕೊಕ್ಕೆಯದು. ನಾಲ್ಕು ಗಾಲಿಯದಾದರೆ ಮುಂದಿನ ಅಚ್ಚೂ ತಿರುಗುವುದರಿಂದ ಎರಡು ಕೀಲು. ಅದನ್ನು ಹಿಂದಕ್ಕೆ ಬಿಡುವಾಗ ಎಂಥ ಡ್ರೈವರೂ ಒಂದು ಸಲ ಉಗುಳು ನುಂಗುತ್ತಾನೆ. ನನ್ನ ಸೋದರಳಿಯನ ದೋಣಿಯ ಟ್ರೇಲರಿಗೆ ಒಂದೇ ಕೀಲು. ಅಲ್ಲಿ ಕಲಿಸುವ ಸೂತ್ರ, ಕೈಯನ್ನು ಸ್ಟೇರಿಂಗಿನ ತಳಭಾಗದಲ್ಲಿ ಇಟ್ಟುಕೋ, ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸು, ತಲೆ ಕೆಡಿಸಿಕೊಳ್ಳಬೇಡ ಎಂದು. ಗಣಪತಿ ನೀರು ಸೇರಿದ ಮೇಲೆ ಅವನು ಉತ್ಸಾಹದಿಂದ ಇದನ್ನು ಡ್ರೈವರಿಗೆ ಹೇಳಿಯೂ ಬಿಟ್ಟ. ಡ್ರೈವರು ಟವೆಲಿನಿಂದ ಮುಖ ಒರೆಸಿಕೊಂಡು, "ಅಣ್ಣಾ, ನಾ ಸ್ಟೇರಿಂಗ್ ನೋಡಂಗೇ ಇಲ್ಲ. ಟ್ರೇಲರ್ ಮೂಲೆ ನೋಡ್ತೀನಿ. ಮೂಲೆ ಹೋದಂಗೆ ಕೈ ಹೋಗ್ತತಿ" ಅಂದ. ಎರಡು ಸೂತ್ರಗಳಲ್ಲಿ ಡ್ರೈವರನದೇ ವಾಸಿ ಎಂದು ನನ್ನ ತೀರ್ಪು. ಅವನದಕ್ಕೆ ನಾಲ್ಕು ಗಾಲಿ ಬಗ್ಗಿದವು.

ಇಳಿಸುವುದಕ್ಕಿಂತ ಎತ್ತುವುದು ಕಷ್ಟ. ಇಳಿಯುವಾಗ ಇಳಿಜಾರು ನಮ್ಮ ಕಡೆ, ಹತ್ತುವಾಗ ಅದು ಹೊಳೆಯ ಕಡೆ. ಖಾಲಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಗಾಲಿ ಹೂಳಿನಲ್ಲಿ ಗಿರಗಿರ ತಿರುಗಿ, ನಿಂತು ಜೈಕಾರ ಹಾಕುತ್ತಿದ್ದವರ ಬಿಳಿ ಅಂಗಿಗೆಲ್ಲ ಕೆಸರಿನ ಪ್ರಸಾದ. ಆಗ ಇನ್ನೊಂದು ಟ್ರ್ಯಾಕ್ಟರು, ಸರಪಳಿ, ಮತ್ತೆ ಹತ್ತು ಜನ ಮೇಷ್ಟ್ರು. ತೆಪ್ಪದವನದೂ ಇದೇ ಕಥೆ, ಸದ್ದು ಮಾತ್ರ ಕಡಿಮೆ. ನೀರು ಕುಡಿದ ತೆಪ್ಪ, ನೆನೆದ ಬಲೆ, ಮೀನು. ಅವನು ತೆಪ್ಪವನ್ನು ಒಂದು ಮಗ್ಗುಲಿಗೆ ಎತ್ತಿ ನೀರು ಸುರಿದು, ಬೋರಲು ಹಾಕಿ, ತಲೆ ಒಳಗೆ ತೂರಿಸಿ ಎದ್ದು ನಿಲ್ಲುತ್ತಾನೆ. ಮೀನು ಕೊಳ್ಳುವವರು ನೀರಿನ ಅಂಚಿನವರೆಗೂ ಬಂದು ಮುತ್ತಿದರೂ ಅಲ್ಲಿ ಬೇಲಂ ಮಾಡುವುದಿಲ್ಲ. "ಮ್ಯಾಲ್ ಬರ್ರಿ, ಮ್ಯಾಲ್ ಬರ್ರಿ" ಎನ್ನುತ್ತ ಬೇವಿನ ಮರದವರೆಗೆ ನಡೆಯುತ್ತಾನೆ.

ಇಷ್ಟೆಲ್ಲ ಹರಸಾಹಸಕ್ಕೆ ಕಾರಣ ಹುಡುಕುತ್ತ ಹೋದರೆ ನಮ್ಮ ಮೆಟ್ಟಿಲ ಪ್ರೀತಿಗೆ ಬಂದು ನಿಲ್ಲುತ್ತದೆ. ನೀರು ಕಂಡಲ್ಲಿ ಮೆಟ್ಟಿಲು ಕಟ್ಟುವುದು ನಮ್ಮ ಅಭ್ಯಾಸ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಿ ನೋಡಿ. ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ ಹೊಂಡ, ನಾಲ್ಕು ಕಡೆಯೂ ನೀರಿಗಿಳಿಯುವ ಮೆಟ್ಟಿಲು, ನಟ್ಟನಡುವೆ ವಸಂತ ಮಂಟಪ. ಕಣ್ಣು ಕೀಳಲಾಗದ ಕೆಲಸ. ಮೆಟ್ಟಿಲು ಕಾಲಿಗೆ ಒಳ್ಳೆಯದು, ಕೊಡಕ್ಕೆ ಒಳ್ಳೆಯದು, ಫೋಟೋಕ್ಕಂತೂ ಬಹಳ ಒಳ್ಳೆಯದು. ನೀರಿಗೆ ಎಳೆದು ಇಳಿಸುವ ಯಾವ ವಸ್ತುವಿಗೂ, ಗಾಲಿ ಇರುವ ಯಾವ ಗಾಡಿಗೂ, ಗೊರಸು ಇರುವ ಯಾವ ಎತ್ತಿಗೂ ಒಳ್ಳೆಯದಲ್ಲ. ಹೊಂಡಕ್ಕೆ ಸರಿ, ಆ ಪಾಠವನ್ನೇ ಹೊಳೆ, ಕೆರೆಗೂ ಹಾಕಿಬಿಟ್ಟರೆ ತೆಪ್ಪದವನು ಎಲ್ಲಿಗೆ ಹೋಗಬೇಕು? ಸ್ನಾನಘಟ್ಟ ಮುಗಿದು, ಮುಳ್ಳುಜಾಲಿ ಶುರುವಾಗುವ ಕಡೆಗೆ ಹೋಗುತ್ತಾನೆ.

ಸೂಳೆಕೆರೆಯ ಸಂಗತಿ ಬೇರೆ. ಶಾಂತವ್ವ ಎಂಬ ರಾಜಪುತ್ರಿ ಕಟ್ಟಿಸಿದಳೆಂದು ಕಥೆಯಿರುವ ಈ ಕೆರೆಗೆ ಈಗ ಶಾಂತಿಸಾಗರವೆಂದು ಹೆಸರು. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಏರಿ, ಸಿದ್ದನಾಲೆ, ಬಸವನಾಲೆ ಎಂದು ಎರಡು ಕಾಲುವೆ. ಏರಿ ಚಿಕ್ಕದು, ಹಿಂದಿನ ನೀರು ಕಣ್ಣಿಗೆ ಎಟುಕದಷ್ಟು. ಏರಿಯ ಕಡೆ ಪ್ರವಾಸಿಗಳ ಕಾರು, ಮಂಡಕ್ಕಿ ಗಾಡಿ, ಸೆಲ್ಫಿ. ಮೀನುಗಾರರು ಆ ಕಡೆ ತಲೆಯನ್ನೂ ಹಾಕುವುದಿಲ್ಲ. ಕೆರೆಯಂಗಳ ಮೆಲ್ಲಗೆ ಜಾರಿಕೊಂಡು ನೀರಿಗಿಳಿಯುವ ಹಳ್ಳಿಗಳ ಮಗ್ಗುಲಿಗೆ ಹೋಗುತ್ತಾರೆ. ಅಲ್ಲಿ ದಡವೇ ಇಳಿಜಾರು, ಯಾರೂ ಕಟ್ಟಬೇಕಾಗಿಲ್ಲ. ನ್ಯಾಮತಿ ತಾಲ್ಲೂಕಿನ ಸವಳಂಗದ ಕೆರೆಯಲ್ಲೂ ಹೀಗೇ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ಕಚೇರಿಗಳಿಗೆ ಮೆಟ್ಟಿಲು ಬೇಕಾದಷ್ಟು ಸಿಕ್ಕಿವೆ, ಕೆರೆಗೆ ಸಿಗದಿದ್ದರೇ ಒಳ್ಳೆಯದು.

ಜಗಳೂರಿನವರು ಇದನ್ನೆಲ್ಲ ಓದಿ ನಕ್ಕಾರು. ಮಳೆ ಕಾದು ಕಾದು ಕಣ್ಣು ಸೋತ ತಾಲ್ಲೂಕು ಅದು, ದೋಣಿಗೆ ಇಳಿಜಾರು ಕೇಳುವ ಮೊದಲು ನೀರು ಬೇಕಿತ್ತು. ತುಂಗಭದ್ರೆಯ ನೀರನ್ನು ಪಂಪಿನಿಂದ ಎತ್ತಿ ತರುವ 57 ಕೆರೆಗಳ ಯೋಜನೆ ಬಂದ ಮೇಲೆ, ಕಾಟ್ಲಾ ರೋಹು ಮರಿ ಬಿಡುವ, ಬಲೆ ಬೀಸುವ ಮಾತು ಅಲ್ಲೂ ಶುರುವಾಗಿದೆ. ಹೊನ್ನಾಳಿಯವರು ಕಣ್ಣೆದುರು ಹರಿಯುವುದನ್ನು ನೋಡುತ್ತ ನಿಲ್ಲುವ ನೀರೇ ಜಗಳೂರಿಗೆ ಪೈಪಿನಲ್ಲಿ ಹೋಗುತ್ತದೆ ಎಂದರೆ ನಾವು ಸ್ವಲ್ಪ ಮರ್ಯಾದೆಯಿಂದ ನಿಲ್ಲಬೇಕು.

ಹೊಸದಾಗಿ ನೀರು ತುಂಬಿದ ಕೆರೆ ಎಂದಾಗ ಒಂದು ಮಾತು. ತೆಪ್ಪ, ಬಲೆ ಈಗ ಬೈಕಿನ ಮೇಲೆ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುತ್ತವೆ, ಅಂಟಿಕೊಂಡ ಅಂತರಗಂಗೆಯ ಚೂರೂ ಹೋಗುತ್ತದೆ. ಮಿನ್ನೆಸೋಟಾದಲ್ಲಿ ದೋಣಿಯ ಬಿರಡೆ ತೆಗೆದು ನೀರೆಲ್ಲ ಬಸಿಯದೆ ರಸ್ತೆಗೆ ಬಂದರೆ ದಂಡ. ಯುರೋಪಿನ ಕಡೆಯಿಂದ 1980ರ ದಶಕದಲ್ಲಿ ಹಡಗಿನ ನೀರಿನಲ್ಲಿ ಬಂದ ಒಂದು ಪುಟ್ಟ ಪಟ್ಟೆ ಚಿಪ್ಪಿನ ಪ್ರಾಣಿ ಅಲ್ಲಿನ ಎಷ್ಟೋ ಕೆರೆಗಳನ್ನು ಹಿಡಿದು ಕೂತಿದೆಯಂತೆ. ನಮ್ಮಲ್ಲಿ ದಂಡ ಬೇಡ. ತೆಪ್ಪವನ್ನು ಬಿಸಿಲಿಗೆ ಬೋರಲು ಹಾಕಿ ಬಲೆ ಕೊಡವಿಕೊಂಡು ಹೊರಟರೆ ಸಾಕು.

ದಡದ ಸಾಲು ಸೇತುವೆಯಿಂದಲೂ ತಪ್ಪುವುದುಂಟು. ಪಕ್ಕದ ಜಿಲ್ಲೆಯ ಸಾಗರ ತಾಲ್ಲೂಕಿನ ಹೊಳೆಬಾಗಿಲಿನಲ್ಲಿ ಸಿಗಂದೂರಿಗೆ ಹೋಗುವ ಲಾಂಚಿಗೆ ಗಾಡಿ ಹತ್ತಿಸಲು ಗಂಟೆಗಟ್ಟಲೆ ಕಾದವರು ನಮ್ಮ ತಾಲ್ಲೂಕುಗಳಲ್ಲಿ ಮನೆಗೊಬ್ಬರು ಸಿಗುತ್ತಾರೆ. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಸೇತುವೆ ತೆರೆದು ಆ ಸಾಲು ಕರಗಿತು. ಆದರೆ ತೆಪ್ಪಕ್ಕೆ ಸೇತುವೆಯಿಂದ ಪ್ರಯೋಜನವಿಲ್ಲ, ಅದು ದಡದಿಂದಲೇ ಇಳಿಯಬೇಕು.

ವಿಚಿತ್ರವೆಂದರೆ ಹೊನ್ನಾಳಿಯಲ್ಲಿ ದೋಣಿ ಇಳಿಸುವುದು ಅತ್ಯಂತ ಸಲೀಸಾಗುವುದು ನೆರೆ ಬಂದಾಗ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಮುಂಗಾರು ಜೋರಾಯಿತೆಂದರೆ ಬೇಗ ತುಂಬಿ ಬಾಗಿಲು ತೆರೆಯುತ್ತದೆ. ಅದರ ಜೊತೆಗೆ ಭದ್ರೆಯದೂ ಸೇರಿದರೆ ಬಾಲರಾಜ್ ಘಾಟಿನ ಮನೆಗಳಿಗೆ ನೀರು ನುಗ್ಗುತ್ತದೆ, ಅಲ್ಲಿನವರು ಗಂಟುಮೂಟೆ ಹೊತ್ತು ಕಾಳಜಿ ಕೇಂದ್ರಕ್ಕೆ ನಡೆಯುತ್ತಾರೆ. 2019ರ ಆಗಸ್ಟಿನಲ್ಲಿ ಆದದ್ದೂ ಅದೇ. ಆಗ ಇಳಿಜಾರಿನ ಪ್ರಶ್ನೆಯೇ ಏಳುವುದಿಲ್ಲ, ಡಾಂಬರು ರಸ್ತೆಯೇ ನೀರಿಗೆ ಇಳಿದಿರುತ್ತದೆ. ಆದರೆ ನೆರೆ ಇಳಿಯುತ್ತ ಬಂದು, ದಡ ಕೆಸರು ಗುಂಡಿಯಾಗಿ, ಆಚೆ ತೋಟದಲ್ಲಿ ಯಾರೋ ಸಿಕ್ಕಿಕೊಂಡಿದ್ದಾರೆ ಎಂದಾಗ, ಅಗ್ನಿಶಾಮಕ ದಳದವರಾಗಲಿ ಊರ ತೆಪ್ಪದವರಾಗಲಿ ದೋಣಿಯನ್ನು ಮೆಟ್ಟಿಲ ಮೇಲೆ ಹೊತ್ತು ಇಳಿಸಬೇಕು.

ಆದ್ದರಿಂದ ಘಟ್ಟ ಕಟ್ಟಿಸುವವರಲ್ಲಿ, ಅದಕ್ಕೆ ಹಣ ಮಂಜೂರು ಮಾಡುವವರಲ್ಲಿ ಒಂದು ಕೋರಿಕೆ. ಮುಂದಿನ ಸಲ ಹೊಳೆಗೋ ಕೆರೆಗೋ ಮೆಟ್ಟಿಲು ಕಟ್ಟುವಾಗ ಒಂದು ಮಗ್ಗುಲಿನಲ್ಲಿ ಹತ್ತು ಅಡಿ ಅಗಲದ ಜಾಗ ಬಿಟ್ಟು, ಜಾರದ ಹಾಗೆ ಗೀರು ಹಾಕಿದ ಕಾಂಕ್ರೀಟಿನ ಇಳಿಜಾರು ಮಾಡಿ, ಬೇಸಿಗೆಯ ನೀರಿನ ಮಟ್ಟದವರೆಗೂ ಇಳಿಸಿ. ತೆಪ್ಪ, ಟ್ರ್ಯಾಕ್ಟರು, ಎತ್ತು, ಮೆಟ್ಟಿಲಿಳಿಯಲಾಗದ ಅಜ್ಜಿ, ಎಲ್ಲರಿಗೂ ಅದೇ ದಾರಿಯಾಗುತ್ತದೆ. ಓದುಗರಿಗೂ ಒಂದು ಮಾತು. ಆ ಇಳಿಜಾರು ಕಟ್ಟಿದ ದಿನವೇ ಅದರ ಮೇಲೆ ಕಾರು ತೊಳೆಯಲು ಬರಬೇಡಿ, ಬೈಕನ್ನು ಬೇವಿನ ಮರದ ಹತ್ತಿರವೇ ನಿಲ್ಲಿಸಿ.