ಮಾರ್ಕ್ಸ್ ಯಾಕ ಹಾಕಿಲ್ಲ ಸರ್?

ಆಂತರಿಕ ಅಂಕಗಳ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ದಿನ ಸಂಜೆಯಿಂದಲೇ ಅಧ್ಯಾಪಕರ ಫೋನು ಗುಂಯ್‌ಗುಡಲು ಶುರುವಾಗುತ್ತದೆ. ಕಲಬುರಗಿ ಜಿಲ್ಲೆಯ ವಾಡಿ, ಚಿತ್ತಾಪುರ, ಸೇಡಂ ಕಡೆಯ ಕಾಲೇಜುಗಳಲ್ಲಿ ಪಾಠ ಮಾಡಿದ ಯಾರನ್ನು ಬೇಕಾದರೂ ಕೇಳಿ ನೋಡಿ. ‘ಸರ್ ಮಾರ್ಕ್ಸ್ ಯಾಕ ಹಾಕಿಲ್ಲ.’ ‘ನಾ ಎರಡೂ ಟೆಸ್ಟ್ ಬರ್ದೀನಿ, ಕಡಿಮಿ ಯಾಕ.’ ‘ಅವನಿಗಿ ಹೆಚ್ಚು ನನಗ ಕಮ್ಮಿ, ಇದು ಸರಿ ಇಲ್ಲ.’ ಹೆಸರಿಲ್ಲ, ರೋಲ್ ನಂಬರಿಲ್ಲ, ಯಾವ ಸೆಮಿಸ್ಟರ್ ಎಂಬುದೂ ಇಲ್ಲ. ಪ್ರೊಫೈಲ್ ಚಿತ್ರ ನೋಡಿ ಗುರುತು ಹಿಡಿಯೋಣವೆಂದರೆ ಅಲ್ಲಿ ಪುನೀತ್ ರಾಜಕುಮಾರ್ ನಗುತ್ತಿರುತ್ತಾರೆ. ಇಮೇಲ್ ಆದರೆ ವಿಷಯದ ಸಾಲು ಖಾಲಿ, ಒಳಗೂ ಖಾಲಿ. ಅಡ್ಡಡ್ಡ ತೆಗೆದ ಅಸೈನ್‌ಮೆಂಟಿನ ಫೋಟೋ ಒಂದೇ.

ಮರುದಿನ ಸ್ಟಾಫ್ ರೂಮಿನಲ್ಲಿ ಈ ಮೆಸೇಜುಗಳು ಕೈಯಿಂದ ಕೈಗೆ ಓಡಾಡುತ್ತವೆ. ‘ನೋಡ್ರಿ, ಈಗಿನ ಹುಡುಗ್ರಿಗಿ ಮರ್ಯಾದಿ ಅಂಬೋದೇ ಇಲ್ಲ’ ಎಂದು ಒಬ್ಬರು ಶುರು ಮಾಡಿದರೆ ಉಳಿದವರು ತಮ್ಮ ತಮ್ಮ ಫೋನು ತೆಗೆಯುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ರಾತ್ರಿ ಹನ್ನೊಂದಕ್ಕೆ ಹಾಗೆ ಬರೆದ ಹುಡುಗನೇ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಚೌಕಟ್ಟಿನಾಚೆ ನಿಂತು, ‘ಸರ್, ಒಳಗ ಬರ್ಲೇನ್ರಿ’ ಎನ್ನುತ್ತಾನೆ. ನಮ್ಮ ಕಡೆಯ ಮಾತಿನಲ್ಲಿ ಮರ್ಯಾದೆ ಇರುವುದು ಆ ‘ರಿ’ಯಲ್ಲಿ, ತಗ್ಗಿದ ದನಿಯಲ್ಲಿ, ಕೈಕಟ್ಟಿ ನಿಲ್ಲುವ ಭಂಗಿಯಲ್ಲಿ. ಹೆಬ್ಬೆರಳಿನಿಂದ ಇಂಗ್ಲಿಷ್ ಅಕ್ಷರ ಕುಟ್ಟಿ ಕನ್ನಡ ಬರೆಯುವಾಗ ಇದೆಲ್ಲ ಕಳಚಿಹೋಗುತ್ತದೆ. ಉಳಿಯುವುದು ಬರೀ ಬೇಡಿಕೆ. ಓದುವವರಿಗೆ ಅದು ಜಬರ್ದಸ್ತಿಯಂತೆ ಕೇಳುತ್ತದೆ. ಬರೆದವನಿಗೆ ತಾನು ಹಾಗೆ ಕೇಳಿಸುತ್ತೇನೆಂಬ ಕಲ್ಪನೆಯೂ ಇರುವುದಿಲ್ಲ.

ಅವರಿಗೆ ಪತ್ರ ಬರೆಯಲು ಕಲಿಸಿಲ್ಲವೇ? ಕಲಿಸಿದ್ದೇವೆ. ‘ಇವರಿಂದ’, ‘ಇವರಿಗೆ’, ‘ಮಾನ್ಯರೇ’, ‘ವಿಷಯ’, ಕೊನೆಗೆ ‘ತಮ್ಮ ವಿಧೇಯ ವಿದ್ಯಾರ್ಥಿ’. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಪತ್ರಲೇಖನಕ್ಕೆ ಅಂಕವಿದೆ, ಆ ಅಂಕ ತಪ್ಪಿಸಿಕೊಳ್ಳುವ ವಿದ್ಯಾರ್ಥಿ ಕಡಿಮೆ. ಆದರೆ ಆ ಪತ್ರವನ್ನು ಅವರು ಯಾರಿಗೂ ಬರೆದಿಲ್ಲ. ಪರೀಕ್ಷೆಯ ಹಾಳೆಯಲ್ಲಿರುವ ಮುಖ್ಯೋಪಾಧ್ಯಾಯರಿಗೆ ಬರೆದದ್ದು ಬೇರೆ. ತನ್ನ ಅಂಕ, ಸ್ಕಾಲರ್‌ಶಿಪ್ಪು, ಮುಂದಿನ ವರ್ಷ ಎಲ್ಲವೂ ಯಾರ ಕೈಯಲ್ಲಿದೆಯೋ ಅಂಥ ನಿಜವಾದ ಮನುಷ್ಯನಿಗೆ ಅಂಜುತ್ತ ಬರೆಯುವುದು ಬೇರೆ. ಎರಡರ ನಡುವೆ ಸೇತುವೆ ಕಟ್ಟಬೇಕಾದವರು ಕಾಲೇಜಿನವರು. ಆ ಕೆಲಸ ನಮ್ಮದೆಂದು ಪಠ್ಯಕ್ರಮದಲ್ಲಿ ಎಲ್ಲೂ ಬರೆದಿಲ್ಲವಾದ್ದರಿಂದ ಯಾರೂ ಮಾಡುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಹುಡುಗರ ವಾಟ್ಸಾಪ್ ಗುಂಪಿಗೆ ನಾವು ಕಳಿಸುವ ಸೂಚನೆಗಳನ್ನು ಒಮ್ಮೆ ಸಾಲಾಗಿ ಓದಿ ನೋಡಬೇಕು. ‘ನಾಳೆ ನಾಲ್ಕು ಗಂಟೆಯೊಳಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಕಾಲೇಜು ಜವಾಬ್ದಾರಿಯಲ್ಲ.’ ‘ಗೈರುಹಾಜರಾದವರಿಗೆ ಅಂಕ ಇಲ್ಲ.’ ‘ಕೊನೆಯ ಎಚ್ಚರಿಕೆ.’ ನಮಸ್ಕಾರವಿಲ್ಲ, ಕಾರಣವಿಲ್ಲ, ಬರೆದವರ ಹೆಸರೂ ಇಲ್ಲ. ಅಧಿಕೃತ ಬರವಣಿಗೆ ಅಂದರೆ ಹೀಗೆ ಇರುತ್ತದೆ ಎಂದು ಮೂರು ವರ್ಷ ದಿನಾ ತೋರಿಸುವವರು ನಾವು. ಅದೇ ದನಿಯಲ್ಲಿ ತಿರುಗಿ ಬಂದಾಗ ಎದೆಗೆ ಚುಚ್ಚುತ್ತದೆ.

ಈ ಹುಡುಗರು ಎಲ್ಲಿಂದ ಬಂದವರೆಂಬುದನ್ನೂ ನೋಡಬೇಕು. ವಾಡಿ ದೊಡ್ಡ ಜಂಕ್ಷನ್ನು. ಮುಂಬೈ–ಚೆನ್ನೈ ದಾರಿಯಿಂದ ಹೈದರಾಬಾದಿನ ಹಳಿ ಕವಲೊಡೆಯುವುದು ಇಲ್ಲೇ. 1874ರಲ್ಲಿ ನಿಜಾಮರ ರೈಲು ಇಲ್ಲಿಂದಲೇ ಸಿಕಂದರಾಬಾದಿಗೆ ಹೊರಟದ್ದು. ರೈಲಿನ ಬೆನ್ನಿಗೆ ಸಿಮೆಂಟು ಬಂತು: ವಾಡಿಯಲ್ಲಿ, ಶಹಾಬಾದಿನಲ್ಲಿ, ಸೇಡಮ್ಮಿನಲ್ಲಿ, ಮಳಖೇಡದಲ್ಲಿ. ಶಹಾಬಾದಿನ ಕಲ್ಲು ದೇಶದ ನೆಲವೆಲ್ಲ ಹಾಸಿಕೊಂಡಿದೆ. ಇಷ್ಟೆಲ್ಲ ಇದ್ದರೂ 2025ರ ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕಡೆಯದಾಯಿತು. ಪಾಸಾದವರು ನೂರಕ್ಕೆ ಐವತ್ತೂ ಇರಲಿಲ್ಲ. ಅಂಥ ಗೋಡೆ ಹತ್ತಿ ಇಳಿದು, ಪಿಯುಸಿಯನ್ನೂ ದಾಟಿ ಡಿಗ್ರಿಗೆ ಬಂದು ಕೂತವರು ನಮ್ಮ ವಿದ್ಯಾರ್ಥಿಗಳು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಬಹಳ. ಒಬ್ಬರ ಮನೆಮಾತು ದಖನಿ, ಇನ್ನೊಬ್ಬರದು ಲಂಬಾಣಿ, ಮತ್ತೊಬ್ಬರದು ತೆಲುಗು ಬೆರೆತ ಕನ್ನಡ. ‘ಮೇಷ್ಟ್ರಿಗೆ ಹೀಂಗ ಬರೀಬೇಕಪ್ಪ’ ಎಂದು ಹೇಳಿಕೊಡುವ ಅಣ್ಣನೋ ಅಕ್ಕನೋ ಮನೆಯಲ್ಲಿ ಇಲ್ಲ.

ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. ಕಲ್ಯಾಣದ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದರೆ ಆಗಿನ ವಿದ್ಯಾಕೇಂದ್ರ. ಅಲ್ಲಿನ 1058ರ ಶಾಸನ ವೇದ ಓದುವ 200 ವಿದ್ಯಾರ್ಥಿಗಳನ್ನು, ಶಾಸ್ತ್ರ ಓದುವವರನ್ನು, ಉಪಾಧ್ಯಾಯರನ್ನು, ಪುಸ್ತಕ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರನ್ನು ಹೆಸರಿಸಿ ಅವರೆಲ್ಲರ ನಿರ್ವಹಣೆಗೆ ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ಓದಿಗೆ ಮೊದಲು ಹೊಟ್ಟೆಯ ಲೆಕ್ಕ ಮಾಡಿದ ಊರು ಅದು. ಆ ಕಂಬಗಳ ನಡುವೆ ನಿಂತಾಗ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಇವತ್ತು ನನ್ನ ತರಗತಿಯಲ್ಲಿ ಕೂತವರಲ್ಲಿ ಬಹುಪಾಲು ಹುಡುಗರಿಗೆ, ಎಲ್ಲ ಹುಡುಗಿಯರಿಗೆ, ಅದರೊಳಗೆ ಜಾಗವಿರಲಿಲ್ಲ. ಸಾವಿರ ವರ್ಷದ ನಂತರ ಬಂದವರು ಬಾಗಿಲಲ್ಲಿ ಸರಿಯಾಗಿ ನಮಸ್ಕಾರ ಹೇಳಲಿಲ್ಲವೆಂದು ಮುಖ ತಿರುಗಿಸಿದರೆ ನಾವು ಏನು ಮಾಡಿದಂತಾಯಿತು?

ಹಾಗಾದರೆ ರಾತ್ರಿಯ ಮೆಸೇಜಿಗೆ ಏನು ಮಾಡಬೇಕು? ಮೊದಲ ಕೆಲಸ, ಆ ರಾತ್ರಿ ಏನೂ ಮಾಡದಿರುವುದು. ಸಿಟ್ಟಿನಲ್ಲಿ ಬರೆದ ಉತ್ತರ ಬೆಳಗಾಗುವುದರೊಳಗೆ ಇಡೀ ತರಗತಿಯ ಗುಂಪಿನಲ್ಲಿ ಇರುತ್ತದೆ. ನಾವು ಹುಡುಗನ ಮೆಸೇಜಿನ ಚಿತ್ರ ತೆಗೆದು ಸಹೋದ್ಯೋಗಿಗಳ ಗುಂಪಿಗೆ ಹಾಕುವುದು ಅದಕ್ಕಿಂತ ಕೆಟ್ಟದ್ದು. ಅವನ ತಪ್ಪು ಒಬ್ಬರೆದುರು ಆದದ್ದು. ನಾವು ಅದನ್ನು ನಲವತ್ತು ಜನರೆದುರು ಇಡುತ್ತೇವೆ, ಅದೂ ಅವನಿಗೆ ಗೊತ್ತಿಲ್ಲದಂತೆ.

ಎರಡನೆಯದು, ಬರೆದ ರೀತಿಯನ್ನು ಬದಿಗಿಟ್ಟು ಕೇಳಿದ್ದು ಏನೆಂದು ನೋಡುವುದು. ಅಂಕಗಳನ್ನು ವಿಶ್ವವಿದ್ಯಾಲಯದ ಯುಯುಸಿಎಂಎಸ್ ತಂತ್ರಾಂಶಕ್ಕೆ ಏರಿಸಲು ಕಡೆಯ ದಿನ ಇರುತ್ತದೆ, ಅದು ಮುಗಿದರೆ ಅಧ್ಯಾಪಕರ ಕೈಯಲ್ಲೂ ಏನೂ ಉಳಿಯುವುದಿಲ್ಲ. ಹುಡುಗರಿಗೆ ಇದು ಅರ್ಧಂಬರ್ಧ ಗೊತ್ತು. ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬುದೂ ಗೊತ್ತು. ಆ ಅರ್ಧ ತಿಳಿವಳಿಕೆಯ ಗಾಬರಿಯೇ ‘ಯಾಕ ಹಾಕಿಲ್ಲ’ ಎಂದು ಕೂಗುವುದು. ಅದಕ್ಕೆ ನಾನು ಬೆಳಿಗ್ಗೆ ಬರೆಯುವ ಉತ್ತರ ಇಷ್ಟೇ: ‘ನಮಸ್ಕಾರ. ನಿನ್ನ ಹೆಸರು, ರೋಲ್ ನಂಬರ್ ಕಳಿಸು. ಹನ್ನೊಂದು ಗಂಟೆಗೆ ಬಾ, ಉತ್ತರಪತ್ರಿಕೆ ಇಬ್ಬರೂ ಕೂತು ನೋಡೋಣ.’ ಕೆಳಗೆ ನನ್ನ ಹೆಸರು. ಪತ್ರ ಹೇಗಿರಬೇಕೆಂಬ ಉಪದೇಶ ಅದರಲ್ಲಿ ಒಂದಕ್ಷರವೂ ಇಲ್ಲ, ಪತ್ರ ಮಾತ್ರ ಇದೆ.

‘ನೀವು ಬೇಕಂತನೇ ಕಡಿಮಿ ಹಾಕೀರಿ’ ಎಂದು ಬರೆದಿದ್ದ ಒಬ್ಬ ಹೀಗೆ ಬಂದ. ಉತ್ತರಪತ್ರಿಕೆ ತೆಗೆದೆವು. ಮೊದಲ ಪುಟ ಚೆನ್ನಾಗಿತ್ತು, ಎರಡನೆಯದರ ನಡುವೆ ಅಕ್ಷರ ಇಳಿಜಾರಾಗಿ ಗೆರೆ ದಾಟಿ ನಿಂತುಬಿಟ್ಟಿತ್ತು. ‘ನಿದ್ದಿ ಬಂದಿತ್ರೀ’ ಎಂದ. ಹಿಂದಿನ ರಾತ್ರಿ ಸಿಮೆಂಟು ಚೀಲ ಏರಿಸುವ ಕೂಲಿಗೆ ಹೋಗಿದ್ದನಂತೆ. ಅಂಗೈಯ ಗೆರೆಗಳಲ್ಲಿ ಬೂದು ಪುಡಿ ಇನ್ನೂ ಇತ್ತು, ಉಗುರಿನ ಬುಡದಲ್ಲಿ ಚರ್ಮ ಸೀಳಿತ್ತು. ಬರೆಯದ ಉತ್ತರಕ್ಕೆ ಅಂಕ ಕೊಡಲು ಬರುವುದಿಲ್ಲ, ಕೊಡಲಿಲ್ಲ. ಅದನ್ನು ಅವನೂ ಒಪ್ಪಿದ. ಗೈರಾದವರಿಗೆಂದು ಇಟ್ಟಿದ್ದ ಮರುಪರೀಕ್ಷೆಗೆ ಅವನನ್ನೂ ಕೂರಿಸಿದೆ. ಆಮೇಲೆ ಫೋನು ತೆಗೆಸಿ, ‘ಆ ಮೆಸೇಜು ಈಗ ಮತ್ತೊಮ್ಮೆ ಬರಿ ನೋಡೋಣ’ ಅಂದೆ. ಬಹಳ ಹೊತ್ತು ತೆಗೆದುಕೊಂಡು ಬರೆದ: ‘ನಮಸ್ಕಾರ್ರೀ ಸರ್. ನಾನು ಬಿ.ಎ. ಮೂರನೇ ಸೆಮಿಸ್ಟರ್. ನನಗ ಕನ್ನಡದಾಗ ಅಂಕ ಕಡಿಮಿ ಬಂದಾವ. ಪೇಪರ್ ಒಮ್ಮೆ ತೋರಸ್ರಿ.’ ನಾಲ್ಕೇ ಸಾಲು. ಅದರಲ್ಲಿ ತಿದ್ದುವುದಕ್ಕೆ ನನಗೆ ಏನೂ ಕಾಣಲಿಲ್ಲ. ಅವನ ಕನ್ನಡದಲ್ಲಿ ಬರೆಯಲು ಬಿಟ್ಟರೆ ಅವನ ಸೌಜನ್ಯ ತಾನೇ ಜೊತೆಗೆ ಬರುತ್ತದೆ. ಅಧಿಕೃತವಾಗಿ ಬರೆಯುವುದೆಂದರೆ ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಭಯ ಬಿಡಿಸಿದರೆ ಅರ್ಧ ಒರಟುತನ ಹೋಗುತ್ತದೆಂಬುದು ನನ್ನ ನಂಬಿಕೆ.

ಈಚೆಗೆ ಇನ್ನೊಂದು ಬಗೆಯ ಪತ್ರ ಬರತೊಡಗಿದೆ. ಚಾಟ್‌ಜಿಪಿಟಿಯನ್ನು ಕೇಳಿ ಬರೆಸಿದ್ದು. ಗೌರವಾನ್ವಿತ ಪ್ರಾಧ್ಯಾಪಕರೇ, ಈ ಪತ್ರ ತಲುಪುವಾಗ ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ, ಅನಿವಾರ್ಯ ಕಾರಣಗಳಿಂದ... ಎಂದು ಮೂರು ಪ್ಯಾರಾ. ಕೆಲವು ಸಹೋದ್ಯೋಗಿಗಳಿಗೆ ಇದರಿಂದ ಸಮಾಧಾನ. ನನಗೆ ಹಾಗಲ್ಲ. ಆ ಅನಿವಾರ್ಯ ಕಾರಣ ಯಾವುದು, ಜ್ವರವೋ, ಮನೆಯಲ್ಲಿ ಸಾವೋ, ತೊಗರಿ ಕೊಯ್ಲೋ, ಅದರಲ್ಲಿ ಸಿಗುವುದಿಲ್ಲ. ಒರಟು ಮೆಸೇಜಿನಲ್ಲಿ ಹುಡುಗ ಇದ್ದಾನೆ. ಈ ನಯವಾದ ಪತ್ರದಲ್ಲಿ ಅವನನ್ನು ಹುಡುಕಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಒರಟನ್ನೇ ಆರಿಸಿಕೊಳ್ಳುತ್ತೇನೆ.

ಮಾತಿನ ಹದದ ಬಗ್ಗೆ ನಮ್ಮ ನೆಲವೇ ಹಿಂದೆ ಹೇಳಿದ್ದಿದೆ. ಮಳಖೇಡ ಸೇಡಂ ತಾಲ್ಲೂಕಿನದು, ಕಾಗಿಣಾ ದಂಡೆಯದು. ಅಮೋಘವರ್ಷ ನೃಪತುಂಗನ ರಾಜಧಾನಿ. ಒಂಬತ್ತನೇ ಶತಮಾನದಲ್ಲಿ ಆತನ ಆಸ್ಥಾನದ ಶ್ರೀವಿಜಯ ಕವಿರಾಜಮಾರ್ಗದಲ್ಲಿ ಕನ್ನಡ ನಾಡಿನವರನ್ನು ಹೊಗಳುವಾಗ ಹದವರಿತು ಮಾತಾಡುವ ಶಕ್ತಿಯ ಜೊತೆಗೇ, ಆಡಿದ ಮಾತನ್ನು ಅರಿತು ತೂಗಿ ನೋಡುವ ಶಕ್ತಿಯನ್ನೂ ಹೇಳಿದ್ದಾನೆ. ನಾವು ಮೊದಲನೆಯದನ್ನು ಹುಡುಗರಿಂದ ಕೇಳುತ್ತೇವೆ. ಎರಡನೆಯದು ಅಧ್ಯಾಪಕರ ಪಾಲಿನದೆಂದು ನನ್ನ ತಿಳಿವಳಿಕೆ. ಸಂಬಳ ಬರುವುದು ನಮಗೆ, ವಯಸ್ಸಾದದ್ದು ನಮಗೆ, ಅಂಕ ಹಾಕುವ ಪೆನ್ನು ಇರುವುದು ನಮ್ಮ ಕೈಯಲ್ಲಿ.

ಆದರೆ ಎಲ್ಲರ ಪಾಡೂ ಒಂದೇ ಅಲ್ಲ. ಅಮೆರಿಕದ ಇತಿಹಾಸ ಪ್ರಾಧ್ಯಾಪಕಿ ಮಾಲಿ ವರ್ದೆನ್ 2017ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ವಿದ್ಯಾರ್ಥಿಗಳ ಸಲಿಗೆಯ ಇಮೇಲುಗಳ ಬಗ್ಗೆ ಬರೆದು, ಶಿಷ್ಟಾಚಾರ ಬೇಕೆಂದೇ ವಾದಿಸಿದರು. ಅವರ ಕಾರಣ ಗಟ್ಟಿಯಾಗಿತ್ತು: ಸಲಿಗೆಯ ಹೊಡೆತ ಹೆಚ್ಚು ಬೀಳುವುದು ಮಹಿಳಾ ಅಧ್ಯಾಪಕರ ಮೇಲೆ, ಅಲ್ಪಸಂಖ್ಯಾತ ಸಮುದಾಯಗಳಿಂದ ಬಂದವರ ಮೇಲೆ. ಇಲ್ಲೂ ಹಾಗೆಯೇ. ನನಗೆ ‘ಯಾಕ’ ಎಂದು ಬರೆದವನು ಮೇಡಮ್ಮಿಗೆ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು ಬರೆಯುತ್ತಾನೆ. ವರ್ಷದಿಂದ ವರ್ಷಕ್ಕೆ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾಯುವ ಅತಿಥಿ ಉಪನ್ಯಾಸಕರ ಮೇಲೆ ‘ಪ್ರಿನ್ಸಿಪಾಲರಿಗೆ ಹೇಳ್ತೀನಿ’ ಎಂಬ ಮಾತು ಬೀಳುವ ಭಾರವೇ ಬೇರೆ. ಅವರಿಗೆ ನಾನು ತಾಳ್ಮೆಯ ಪಾಠ ಹೇಳುವುದಿಲ್ಲ. ಬೈಗುಳ, ಬೆದರಿಕೆ, ಹೊತ್ತಲ್ಲದ ಹೊತ್ತಿನಲ್ಲಿ ಹೆಂಗಸರಿಗೆ ಬೇರೆ ಬಗೆಯ ಮೆಸೇಜು, ಇವು ಗಾಬರಿಯ ಮಾತಲ್ಲ. ಅವನ್ನು ಅಳಿಸದೆ ಇಟ್ಟುಕೊಂಡು ಅದೇ ದಿನ ಪ್ರಾಂಶುಪಾಲರ ಮೇಜಿಗೆ ತಲುಪಿಸಬೇಕು, ಕಾಯಂ ಅಧ್ಯಾಪಕರು ಆ ಸಹೋದ್ಯೋಗಿಯ ಪಕ್ಕ ನಿಲ್ಲಬೇಕು. ‘ಹುಡುಗ್ರು, ಬಿಡ್ರಿ’ ಎಂದು ಹೇಳಿ ಮುಗಿಸುವ ನಮ್ಮ ರೂಢಿ ಹೋಗಲೇಬೇಕು.

ಇಷ್ಟು ಹೇಳಿದ ಮೇಲೆ ಮೆಸೇಜು ಮಾಡದವರ ವಿಷಯ ಬಿಟ್ಟರೆ ಆಗುವುದಿಲ್ಲ. ಜಗಳಕ್ಕಾದರೂ ಬರೆಯುವವನಿಗೆ ಕಾಲೇಜು ಇನ್ನೂ ಬೇಕಾಗಿದೆ. ಡಿಸೆಂಬರಿನಲ್ಲಿ ತೊಗರಿ ಕೊಯ್ಲು ಶುರುವಾದಾಗ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೈರಿನ ಗುರುತು ಸಾಲುಗಟ್ಟುತ್ತದೆ, ರಾಶಿ ಮುಗಿದರೂ ನಿಲ್ಲುವುದಿಲ್ಲ. ಚಿಂಚೋಳಿ ಕಡೆಯ ತಾಂಡಾಗಳಿಂದ ಬರುವವರು ಮನೆಯವರ ಜೊತೆ ಹೈದರಾಬಾದಿಗೋ ಮುಂಬೈಗೋ ದುಡಿಯಲು ಹೋಗಿಬಿಟ್ಟಿರುತ್ತಾರೆ. ಅವರಿಂದ ಒಂದು ಒರಟು ಸಾಲೂ ಬರುವುದಿಲ್ಲ. ಅಂಥ ಒಬ್ಬಳಿಗೆ ನಾನೇ ಬರೆದೆ: ‘ನಮಸ್ಕಾರ ಅವ್ವಾ, ಪರೀಕ್ಷಾ ಶುಲ್ಕ ಕಟ್ಟಲು ಬರುವ ಸೋಮವಾರ ಕಡೆಯ ದಿನ. ಎಲ್ಲಿದ್ದೀ?’ ಎರಡು ದಿನ ನೀಲಿ ಗೆರೆ ಬೀಳಲಿಲ್ಲ. ಮೂರನೆಯ ದಿನ ಉತ್ತರ ಬಂತು: ‘ಬರ್ತೀನಿ’. ಸರ್ ಇಲ್ಲ, ‘ರಿ’ ಇಲ್ಲ, ಹೆಸರೂ ಇಲ್ಲ. ಬುಧವಾರ ಬಂದಳು. ಎರಡು ದಿನ ತಡವಾದ್ದರಿಂದ ದಂಡ ಬಿದ್ದಿತ್ತು. ಅದನ್ನೂ ಕಟ್ಟಿ, ರಶೀದಿ ಮಡಚಿ ಚೀಲದಲ್ಲಿಟ್ಟುಕೊಂಡು, ತಪ್ಪಿಹೋದ ಪಾಠಗಳ ನೋಟ್ಸ್ ಯಾರ ಹತ್ತಿರ ಸಿಗುತ್ತದೆಂದು ಕೇಳಿದಳು.