ಶೌಕ್, ಶೋಕಿ ಮತ್ತು ಒಂದು ಪುಟ್ಟ ವಿಮಾನ

ಉರ್ದುವಿನಲ್ಲಿ 'ಶೌಕ್' ಎಂಬುದು ಮರ್ಯಾದೆಯ ಮಾತು. ಓದುವ ಶೌಕ್, ಹಾಡುವ ಶೌಕ್, ಗಿಡ ಬೆಳೆಸುವ ಶೌಕ್ ಇದ್ದವನನ್ನು 'ಶೌಕೀನ್ ಆದ್ಮಿ' ಎಂದು ಮೆಚ್ಚಿಕೊಂಡು ಹೇಳುತ್ತಾರೆ. ಅದೇ ಮಾತು ಕನ್ನಡಕ್ಕೆ ಬರುವಾಗ ದಾರಿಯಲ್ಲೆಲ್ಲೋ ಮಾನ ಕಳೆದುಕೊಂಡು 'ಶೋಕಿ' ಆಯಿತು. ಶೋಕಿ ಮಾಡುವವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ಮೊದಲು ಉರ್ದು ಶಾಲೆಯಲ್ಲೂ ಆಮೇಲೆ ಕನ್ನಡ ಶಾಲೆಯಲ್ಲೂ ಓದಿದ ನಮಗೆ ಈ ಎರಡು ಮಾತುಗಳ ನಡುವೆ ಯಾವಾಗಲೂ ಸ್ವಲ್ಪ ತಡವರಿಕೆ. ಮನೆಯೊಳಗೆ ಶೌಕ್ ಆಗಿದ್ದದ್ದು ಹೊಸ್ತಿಲು ದಾಟಿದೊಡನೆ ಶೋಕಿ ಆಗಿಬಿಡುತ್ತದೆ.

ನಮ್ಮೂರು ಮಂಡ್ಯ ತಾಲೂಕಿನ ಹೊಳಲು. ನಾಲೆ ನೀರು, ಕಬ್ಬು, ಭತ್ತ, ಆಲೆಮನೆಯ ಹೊಗೆ, ಇಷ್ಟೇ ನಮ್ಮ ಲೋಕ. ಹಾಗೆಂದು ಇಲ್ಲಿ ಶೌಕ್‌ಗೆ ಬರವಿಲ್ಲ. ನಮ್ಮ ಕಡೆಯ ಹುಡುಗರು ಮಾಳಿಗೆಯ ಮೇಲೆ ಪಾರಿವಾಳ ಸಾಕುತ್ತಾರೆ. ಬೆಳಿಗ್ಗೆ ಹಾರಿಸಿ ಸಂಜೆಯವರೆಗೆ ಕತ್ತು ನೋಯುವಷ್ಟು ಆಕಾಶ ನೋಡುತ್ತಾರೆ. ನಮ್ಮ ಪಕ್ಕದ ಮನೆಯ ಗೌಡರದು ಒಂದು ಜೊತೆ ಹಳ್ಳಿಕಾರ್ ಎತ್ತು. ಅವು ನೊಗ ಕಟ್ಟಿ ಉತ್ತದ್ದನ್ನು ಊರಿನಲ್ಲಿ ಯಾರೂ ನೋಡಿಲ್ಲ. ಜಾತ್ರೆಗೆ ಹೋಗುತ್ತವೆ, ಗಾಡಿ ಓಟಕ್ಕೆ ಹೋಗುತ್ತವೆ, ಉಳಿದ ದಿನ ಹುರುಳಿ ತಿಂದು ಕೊಟ್ಟಿಗೆಯಲ್ಲಿ ನಿಲ್ಲುತ್ತವೆ.

ಇಂಥ ಊರಿಗೆ ಒಂದು ಹೊಸ ಸುದ್ದಿ ಬಂತು. ನಮ್ಮ ಆಪಾನ ಮಗ ಕೆಲಸದ ಮೇಲೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ಹೋದವನು ಅಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾನೆ ಎಂಬುದೇ ಆ ಸುದ್ದಿ. ಗೌಡರು ಜಗುಲಿಯ ಮೇಲೆ ಕೂತು ವಿಚಾರಿಸಿದರು.

"ಅಲ್ಲಾ ಸಾಬ್ರೇ, ನಿಮ್ಮಕ್ಕನ ಮಗ ಏರೋಪ್ಲೇನ್ ಓಡುಸ್ತಾನಂತೆ. ಸಂಬ್ಳ ಎಷ್ಟು ಕೊಟ್ಟಾರು?"

"ಸಂಬಳ ಇಲ್ಲ ಗೌಡ್ರೇ. ಇವನೇ ದುಡ್ಡು ಕೊಟ್ಟು ಹಾರಿಸ್ತಾನೆ."

"ಯಾವೂರ್‌ಗೆ ಓಯ್ತಾನೆ?"

"ಯಾವ ಊರಿಗೂ ಹೋಗಲ್ಲ. ಒಂದು ಸುತ್ತು ಹಾಕಿ, ಹೊರಟಲ್ಲಿಗೇ ಬಂದು ಇಳೀತಾನೆ."

ಗೌಡರು ಒಂದು ಗಳಿಗೆ ಸುಮ್ಮನಿದ್ದು, "ಹಂಗಾರೆ ಬುದ್ಧಿ ಕೆಟ್ಟದೆ ಬುಡಿ" ಎಂದರು. ಆಮೇಲೆ ತಮ್ಮ ಕೊಟ್ಟಿಗೆಯ ಕಡೆ ನೋಡಿ ತಾವೇ ನಕ್ಕರು. ಅವರಿಗೆ ವಿಷಯ ಅರ್ಥವಾಗಿತ್ತು.

ನಮಗೆ ಅರ್ಥವಾಗಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಅಳಿಯ ಫೋನಿನಲ್ಲಿ ಹೇಳಿದ್ದನ್ನೂ ನಾವು ಓದಿ ತಿಳಿದದ್ದನ್ನೂ ಸೇರಿಸಿ ಹೇಳುವುದಾದರೆ ಅಲ್ಲಿನ ಕಥೆ ಹೀಗಿದೆ. ಆಸ್ಟ್ರೇಲಿಯಾದಲ್ಲಿ ನೆಲ ಬಹಳ, ಜನ ಕಡಿಮೆ. ರೈತನ ಹೊಲದಲ್ಲೇ ವಿಮಾನ ಇಳಿಯುವ ಮಣ್ಣಿನ ಪಟ್ಟಿ ಇರುವುದು ಅಲ್ಲಿ ಸೋಜಿಗವಲ್ಲ. 1970ರ ದಶಕದಲ್ಲಿ ಕೆಲವು ಉತ್ಸಾಹಿಗಳು ಕೊಳವೆ, ಬಟ್ಟೆ, ಸಣ್ಣ ಎಂಜಿನ್ ಸೇರಿಸಿ ತಾವೇ ವಿಮಾನ ಕಟ್ಟಿ ಹಾರತೊಡಗಿದರು. ಸರಕಾರ ಅವರನ್ನು ಹಿಡಿದು ಜೈಲಿಗೆ ಹಾಕುವ ಬದಲು 1976ರಲ್ಲಿ ಒಂದು ನಿಯಮ ಮಾಡಿತು: ಹಗುರ ವಿಮಾನವಾಗಿರಲಿ, 300 ಅಡಿಗಿಂತ ಮೇಲೆ ಹೋಗಬೇಡಿ, ಜನವಸತಿಯಿಂದ ದೂರವಿರಿ. 1983ರಲ್ಲಿ ಈ ಹವ್ಯಾಸಿಗಳು ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ಅದೇ ಈಗ 'ರಿಕ್ರಿಯೇಷನಲ್ ಏವಿಯೇಷನ್ ಆಸ್ಟ್ರೇಲಿಯಾ' ಎಂಬ ಹೆಸರಿನ ಸಂಸ್ಥೆ. ನಿಯಮಗಳು ಕ್ರಮೇಣ ಸಡಿಲಗೊಂಡವು, ವಿಮಾನಗಳು ಗಟ್ಟಿಯಾದವು. ಇಪ್ಪತ್ತು ಗಂಟೆ ಹಾರಾಟ, ಅದರಲ್ಲಿ ಐದು ಗಂಟೆ ಒಬ್ಬನೇ ಹಾರಿದ್ದು, ಜೊತೆಗೆ ಪರೀಕ್ಷೆ, ಇಷ್ಟಾದರೆ ಪ್ರಮಾಣಪತ್ರ ಸಿಗುತ್ತದೆ. ನಿವೃತ್ತ ಮೇಷ್ಟ್ರು, ಪ್ಲಂಬರ್, ದನ ಸಾಕುವವನು, ನರ್ಸಮ್ಮ ಎಲ್ಲರೂ ಭಾನುವಾರ ಬೆಳಿಗ್ಗೆ ಹುಲ್ಲು ಮೈದಾನಕ್ಕೆ ಬಂದು ತಂತಮ್ಮ ವಿಮಾನದ ರೆಕ್ಕೆ ಒರೆಸುತ್ತಾರೆ. ಅನೇಕರದು ತಮ್ಮದೇ ವಿಮಾನವೂ ಅಲ್ಲ. ನಾಲ್ಕೈದು ಜನ ಪಾಲು ಹಾಕಿ ಕೊಂಡದ್ದು, ಇಲ್ಲವೇ ಕ್ಲಬ್ಬಿನಿಂದ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಪಡೆದದ್ದು.

ಇದರಲ್ಲಿ ಅಪಾಯವಿಲ್ಲವೆಂದಲ್ಲ. ಸಾವುಗಳೂ ಆಗಿವೆ. ಇಂಥ ವಿಮಾನದೊಳಗೆ, ಕೂತವರ ಕಣ್ಣಿಗೆ ಬೀಳುವಂತೆ ಒಂದು ಫಲಕ ಇರುತ್ತದೆ. ದೊಡ್ಡ ವಿಮಾನಗಳಿಗಿರುವ ಸುರಕ್ಷತಾ ನಿಯಮಗಳಿಗೆ ಒಳಪಟ್ಟದ್ದು ಇದಲ್ಲ, ಹಾರುವವರು ತಮ್ಮ ಹೊಣೆಯ ಮೇಲೆ ಹಾರುತ್ತಾರೆ ಎಂಬುದು ಅದರ ತಾತ್ಪರ್ಯ. ಆದ್ದರಿಂದಲೇ ಅವರು ಹಾರುವ ಮೊದಲು ಬಹಳ ಹೊತ್ತು ನೆಲದ ಮೇಲೆ ಕಳೆಯುತ್ತಾರೆ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲು ಇಳಿಸಿ ನೀರು ಸೇರಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡುತ್ತಾರೆ. ಗಾಳಿಚೀಲ ಯಾವ ಕಡೆ ತಿರುಗಿದೆ ಎಂದು ನೋಡಿ, ಗಾಳಿಗೆ ಎದುರಾಗಿಯೇ ಓಡಿಸಿ ಮೇಲೇರುತ್ತಾರೆ. ಬೀಸುವ ಗಾಳಿಗೆ ಬೆನ್ನು ಕೊಟ್ಟರೆ ವಿಮಾನ ಏಳಲು ಹೆಚ್ಚು ನೆಲ ಬೇಕಾಗುತ್ತದಂತೆ.

ಒಂದು ದಿನ ಅಳಿಯ ನಗುತ್ತಾ ಫೋನು ಮಾಡಿದ. "ಮಾಮು, ನಾನು ಇವತ್ತು ಹಾರಿಸಿದ ವಿಮಾನ ಎಲ್ಲಿಯದು ಗೊತ್ತಾ? ನಮ್ಮ ಬೆಂಗಳೂರಿನದು!" ನಾವು ನಂಬಲಿಲ್ಲ. ಮಾತು ನಿಜವಾಗಿತ್ತು. ಫ್ರಾನ್ಸಿನಿಂದ ಬಂದು ನಮ್ಮ ದೇಶದಲ್ಲಿ ನೆಲೆಸಿದ ಜೋಯೆಲ್ ಕೊಕ್ಲಿನ್ ಎಂಬವರು ಕಟ್ಟಿದ 'ರಾಜ್ ಹಂಸ' ಎಂಬ ಕಂಪೆನಿ ಬೆಂಗಳೂರಿನಲ್ಲಿ 'ಎಕ್ಸ್-ಏರ್' ಎಂಬ ಹಗುರ ವಿಮಾನ ತಯಾರಿಸಿ ಫ್ರಾನ್ಸ್, ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಕಳಿಸಿದೆ. ಹಿಂದಿ ಚಿತ್ರನಟಿ ಕಲ್ಕಿ ಅವರ ಮಗಳು. ಅಲ್ಯೂಮಿನಿಯಂ ಕೊಳವೆಗಳ ಹಂದರ, ಮೇಲೆ ಹೊದಿಸಿದ ಬಟ್ಟೆ, ಅಕ್ಕಪಕ್ಕ ಎರಡು ಸೀಟು. ಇದರ ಒಂದು ಮಾದರಿಯ ಹೆಸರು 'ಹನುಮಾನ್'. ಈ ಸಂಗತಿ ಕೇಳಿ ಗೌಡರಿಗೆ ಬಹಳ ಸಮಾಧಾನವಾಯಿತು. "ಸಮುದ್ರ ದಾಟೋದು ಅವುನ್ಗೆ ಹೊಸ್ದಾ?" ಎಂದರು.

ವಿಮಾನ ನಮ್ಮ ರಾಜ್ಯದ್ದು, ಹಾರುವ ಖುಷಿ ಮಾತ್ರ ಸಮುದ್ರದಾಚೆಯವರದು. ಹೀಗೇಕೆ? ವಿಮಾನದ ಮಟ್ಟಿಗೆ ಮೈಸೂರು ಸೀಮೆ ಬಡವಾದುದಲ್ಲ. ಮಂಡ್ಯದ ಕಬ್ಬಿಗೆ ಬೆಲೆ ತಂದ ಮೈಸೂರು ಸಕ್ಕರೆ ಕಂಪೆನಿ 1933ರಲ್ಲಿ ಹುಟ್ಟಿದಾಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರೇ ದಿವಾನರಾಗಿದ್ದ 1940ರಲ್ಲಿ ವಾಲ್‌ಚಂದ್ ಹೀರಾಚಂದರ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಗೆ ಬೆಂಗಳೂರಿನಲ್ಲಿ ಜಾಗವನ್ನೂ ಬಂಡವಾಳವನ್ನೂ ಮೈಸೂರು ಸರಕಾರ ಒದಗಿಸಿತು. ಅದೇ ಇವತ್ತಿನ ಎಚ್ಎಎಲ್. ಜಕ್ಕೂರಿನ ಸರಕಾರಿ ವೈಮಾನಿಕ ಶಾಲೆ 1940ರ ದಶಕದ ಕೊನೆಯಲ್ಲಿ ಶುರುವಾಯಿತು. ಎಚ್ಎಎಲ್ 1958ರಲ್ಲಿ 'ಪುಷ್ಪಕ್' ಎಂಬ ಎರಡು ಸೀಟಿನ ಬಟ್ಟೆ ಹೊದಿಕೆಯ ವಿಮಾನ ಹಾರಿಸಿ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಕೊಟ್ಟಿತು. ಬೆಂಗಳೂರಿನ ಎನ್ಎಎಲ್ ತಯಾರಿಸಿದ 'ಹಂಸ' 1993ರಲ್ಲಿ ಹಾರಿತು, ಅದರ ಹೊಸ ಮಾದರಿ 2021ರಲ್ಲಿ.

ಆದರೆ ನಮ್ಮಲ್ಲಿ ಹಾರಲು ಕಲಿಯುವುದೆಂದರೆ ನೌಕರಿಯ ದಾರಿ. 200 ಗಂಟೆ ಹಾರಿ, ಲಕ್ಷಗಟ್ಟಲೆ ಸಾಲ ಮಾಡಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದು ಕಂಪೆನಿಯ ಬಾಗಿಲು ತಟ್ಟಬೇಕು. ಸುಮ್ಮನೆ ಖುಷಿಗಾಗಿ ಹಾರುತ್ತೇನೆ ಎಂದವನಿಗೆ ಹತ್ತು ಕಚೇರಿಯ ಕಾಗದ ಬೇಕು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವ ಬಂದಾಗ ದಿಲ್ಲಿಯ ಪೊಲೀಸರು ಪ್ಯಾರಾಗ್ಲೈಡರ್, ಮೈಕ್ರೋಲೈಟ್‌ಗಳನ್ನು ಹಾರಿಸಬಾರದೆಂದು ಆಜ್ಞೆ ಹೊರಡಿಸುತ್ತಾರೆ. ಭಯಕ್ಕೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಬಹಳ ಕಾಲ ಭಯದ ಜೊತೆಗಿದ್ದವರು ಆಕಾಶವನ್ನೂ ಕಾವಲಿನ ಕಣ್ಣಿನಿಂದಲೇ ನೋಡತೊಡಗುತ್ತಾರೆ.

ಈ ಭಯ ನಮ್ಮ ಮನೆಯೊಳಗೂ ಬಂತು. ಮಗ ವಿಮಾನ ಕಲಿಯುತ್ತಿದ್ದಾನೆ ಎಂದು ಕೇಳಿದಾಗ ವಿಮಾನ ಬಿದ್ದರೆ ಎಂದು ಆಪಾ ಹೆದರಲಿಲ್ಲ. ಅವರು ಬಾಗಿಲು ಮುಂದೆ ಮಾಡಿ ಬಂದು ಸಣ್ಣ ದನಿಯಲ್ಲಿ ಕೇಳಿದ್ದು ಇಷ್ಟೇ: "ನಮ್ಮ ಹೆಸರಿನ ಹುಡುಗ ವಿಮಾನ ಕಲಿತಾನೆ ಅಂದರೆ ಜನ ಏನಂತಾರೆ?"

ಇದಕ್ಕೆ ಉತ್ತರ ಹೇಳುವುದು ಸುಲಭವಲ್ಲ. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಗೋಪುರಗಳಿಗೆ ವಿಮಾನ ನುಗ್ಗಿಸಿದ ಹಂತಕರು ಅಮೆರಿಕದ ಹಾರಾಟ ಶಾಲೆಗಳಲ್ಲಿ ಕಲಿತವರು. ಅವರು ಸಾವಿರಾರು ಜನರನ್ನು ಕೊಂದದ್ದಲ್ಲದೆ, ಎಲ್ಲೆಲ್ಲಿಯದೋ ಹುಡುಗರ ಒಂದು ಕನಸನ್ನೂ ಅನುಮಾನಕ್ಕೆ ಗುರಿ ಮಾಡಿ ಹೋದರು. ಆಪಾನ ನೆನಪಿನಲ್ಲಿ ಇದ್ದದ್ದು ಇನ್ನೂ ಹತ್ತಿರದ ಒಂದು ಸಂಗತಿ. ಮೂಡಿಗೆರೆ ಮೂಲದ ಡಾಕ್ಟರ್ ಮುಹಮ್ಮದ್ ಹನೀಫ್ ಕ್ವೀನ್ಸ್‌ಲ್ಯಾಂಡಿನ ಗೋಲ್ಡ್ ಕೋಸ್ಟ್‌ನಲ್ಲಿ ಕೆಲಸಕ್ಕಿದ್ದರು. 2007ರ ಜುಲೈ 2ರಂದು, ಹೊಸದಾಗಿ ಹುಟ್ಟಿದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಆರೋಪ ಹೊರಿಸುವುದಕ್ಕೇ ಹನ್ನೆರಡು ದಿನ ತೆಗೆದುಕೊಂಡರು. ಗ್ಲಾಸ್ಗೋದಲ್ಲಿ ಉರಿದ ಜೀಪಿನಲ್ಲಿ ಸಿಕ್ಕಿತೆಂದ ಸಿಮ್ ಕಾರ್ಡು ಅಲ್ಲಿರಲೇ ಇಲ್ಲ, ಲಿವರ್‌ಪೂಲಿನಲ್ಲಿತ್ತು. ಜುಲೈ 27ರಂದು ಮೊಕದ್ದಮೆ ಕೈಬಿಟ್ಟರು. ಮರುವರ್ಷ ಅಲ್ಲಿನ ಸರಕಾರವೇ ನೇಮಿಸಿದ ವಿಚಾರಣೆ ಅವರು ನಿರ್ದೋಷಿ ಎಂದಿತು, 2010ರಲ್ಲಿ ಪರಿಹಾರವೂ ಸಿಕ್ಕಿತು. ಆ ಜುಲೈ ತಿಂಗಳಿಡೀ ನಮ್ಮ ಮನೆಗಳಲ್ಲಿ ಟಿವಿ ಆರಿರಲಿಲ್ಲ. ನಿರ್ದೋಷಿ ಎಂದ ದಿನ ಅಷ್ಟು ಜನ ಟಿವಿ ಮುಂದೆ ಕೂತಿರಲಿಲ್ಲ. ಸುದ್ದಿಯ ಮುಖಪುಟ ನೆನಪಿನಲ್ಲಿರುತ್ತದೆ, ಒಳಪುಟ ಮರೆತುಹೋಗುತ್ತದೆ. ಆಪಾ ಕೇಳಿದ್ದು ಈ ಮುಖಪುಟದ ಪ್ರಶ್ನೆ.

ಅಳಿಯನಿಗೆ ಆ ಪ್ರಶ್ನೆಯನ್ನು ದಾಟಿಸಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಮಾಮು, ಮೊದಲ ದಿನ ನನಗೂ ಅದೇ ಹೆದರಿಕೆ ಇತ್ತು. ಹೆಸರು ಹೇಳಲು ಬಾಯಿ ತೆರೆದೆ. ಹೇಳಿಕೊಡುವ ಮುದುಕ ಹೆಸರು ಕೇಳಲಿಲ್ಲ, ತೂಕ ಎಷ್ಟು ಅಂತ ಕೇಳಿದ." ಹಗುರ ವಿಮಾನದಲ್ಲಿ ಮನುಷ್ಯನ ತೂಕವೇ ದೊಡ್ಡ ಸಂಗತಿಯಂತೆ. ಇಬ್ಬರ ತೂಕ, ಪೆಟ್ರೋಲಿನ ತೂಕ, ಕೈಚೀಲದ ತೂಕ ಎಲ್ಲ ಕೂಡಿಸಿ ಲೆಕ್ಕ ಸರಿಯಾದರೆ ಮಾತ್ರ ಮೇಲೇಳಬಹುದು. ದೊಡ್ಡ ನಿಲ್ದಾಣಗಳ ಕಾವಲಿನೊಳಗೆ ಹೋಗಬೇಕಾದ ಪೈಲಟ್ ಹಿನ್ನೆಲೆ ತಪಾಸಣೆಯ ಗುರುತಿನ ಚೀಟಿ ಪಡೆಯಬೇಕು, ಆದರೆ ಅದು ಜಾನ್‌ಗೂ ಬೇಕು, ನಮ್ಮ ಹುಡುಗನಿಗೂ ಬೇಕು. ಎಲ್ಲರಿಗೂ ಒಂದೇ ತಕ್ಕಡಿ ಎಂದಾದರೆ ತೂಗಿಸಿಕೊಳ್ಳುವುದರಲ್ಲಿ ಅವಮಾನವಿಲ್ಲ. ಭಾನುವಾರ ಮೈದಾನದಲ್ಲಿ ಎಲ್ಲರೂ ಮಾಂಸ ಸುಡುವಾಗ ಇವನು ಬ್ರೆಡ್ಡಿನೊಳಗೆ ಹುರಿದ ಈರುಳ್ಳಿ ಇಟ್ಟುಕೊಂಡು ತಿನ್ನುತ್ತಾನಂತೆ. ಒಂದು ಸಲ ಬಿರಿಯಾನಿ ಮಾಡಿಕೊಂಡು ಹೋದ ಮೇಲೆ ಅವರೇ ಕೇಳತೊಡಗಿದ್ದಾರೆ.

ಆ ನೆಲಕ್ಕೆ ನಮ್ಮ ಹೆಸರಿನವರು ಹೊಸಬರೂ ಅಲ್ಲ. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬವರ ಶೋಧಯಾತ್ರೆಗಾಗಿ ಕರಾಚಿಯಿಂದ ಒಂಟೆಗಳನ್ನೂ ಒಂಟೆಯವರನ್ನೂ ಕರೆಸಿದರು. ಮುಂದೆ ಅಫ್ಘಾನಿಸ್ತಾನ, ಬಲೂಚಿಸ್ತಾನ, ಪಂಜಾಬಿನ ಕಡೆಗಳಿಂದ ಬಂದವರು ಹಲವು ದಶಕ ಆ ಮರುಭೂಮಿಯಲ್ಲಿ ಉಣ್ಣೆ, ಹಿಟ್ಟು, ತಂತಿಕಂಬ ಹೊತ್ತರು. ಎಲ್ಲರಿಗೂ ಒಟ್ಟಾಗಿ 'ಅಫ್ಘಾನರು' ಎಂಬ ಹೆಸರು. ಲಾರಿಗಳು ಬಂದ ಮೇಲೆ ಅವರ ಕಾಲ ಮುಗಿಯಿತು. ಕ್ವೀನ್ಸ್‌ಲ್ಯಾಂಡಿನ ಕ್ಲೊನ್‌ಕರಿ ಎಂಬ ಊರಿನಲ್ಲಿ ಅವರ ಖಬರಸ್ತಾನವಿದೆ. 1928ರಲ್ಲಿ ಹಾರುವ ಡಾಕ್ಟರರ ಸೇವೆ, ಅಂದರೆ ಪುಟ್ಟ ವಿಮಾನದಲ್ಲಿ ದೂರದ ರೋಗಿಗಳ ಬಳಿಗೆ ವೈದ್ಯರು ಹೋಗುವ ಪದ್ಧತಿ ಶುರುವಾದದ್ದೂ ಅದೇ ಊರಿನಲ್ಲಿ.

ನಮ್ಮ ಕಥೆಗಾರರ ಬಳಗದಲ್ಲೂ ಹಾರಿದವರಿದ್ದಾರೆ. ಹೈದರಾಬಾದಿನಲ್ಲಿ ಹುಟ್ಟಿದ ಉರ್ದು ಕಥೆಗಾರ್ತಿ ಹಿಜಾಬ್ ಇಮ್ತಿಯಾಜ್ ಅಲಿ 1936ರಲ್ಲಿ ಲಾಹೋರಿನಲ್ಲಿ ಪೈಲಟ್ ಲೈಸೆನ್ಸ್ ಪಡೆದರು. ಅದೇ ವರ್ಷ ಅದೇ ಊರಿನಲ್ಲಿ ಸರಳಾ ಠಕ್ರಾಲ್ ಎಂಬ ತರುಣಿಯೂ ಪಡೆದರು. ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಶೋಕಿ ಎನಿಸಿದ್ದ ಕಾಲ ಅದು. ಇನ್ನೂ ಹಿಂದೆ ಹೋದರೆ, ಒಂಬತ್ತನೇ ಶತಮಾನದ ಕಾರ್ಡೋಬಾದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ರೆಕ್ಕೆ ಕಟ್ಟಿಕೊಂಡು ಹಾರಿದರೆಂದೂ, ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತೆಂದೂ, ಹಕ್ಕಿಗೆ ಇಳಿಯಲು ಬಾಲ ಬೇಕೆಂಬುದನ್ನು ಅವರು ಗಮನಿಸಿರಲಿಲ್ಲವೆಂದೂ ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಇದನ್ನು ಹೇಳಿದಾಗ ಅಳಿಯ ಹೇಳಿದ: "ಇಲ್ಲೂ ಹಾಗೇ ಮಾಮು. ಏರೋದು ಬೇಗ ಕಲಿಸಿದರು. ಉಳಿದದ್ದೆಲ್ಲ ಇಳಿಯೋ ಪಾಠವೇ."

ದುಡ್ಡಿನ ಮಾತು ಉಳಿಯಿತು. ಒಂದು ಗಂಟೆ ಹಾರಾಟಕ್ಕೆ ನೂರಾರು ಡಾಲರ್. ಊರಿನ ಮನೆಯ ಮೇಲಂತಸ್ತು ಅರ್ಧಕ್ಕೆ ನಿಂತಿದೆ. 'ಇಸ್ರಾಫ್', ಅಂದರೆ ದುಂದು ಬೇಡವೆಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಅಳಿಯ ತಾಯಿಗೆ ಕಳಿಸುವುದನ್ನು ಮೊದಲು ಕಳಿಸಿ, ತಂಗಿಯ ಕಾಲೇಜಿನ ಫೀಸು ಕಟ್ಟಿ, ಉಳಿದದ್ದರಲ್ಲಿ ತಿಂಗಳಿಗೆ ಒಂದೆರಡು ಸಲ ಹಾರುತ್ತಾನೆ. ಇದು ದುಂದೇ? ಬಡವರ ಮಕ್ಕಳು ದುಡಿಯಲಿ ಎಂದು ಲೋಕ ಒಪ್ಪುತ್ತದೆ, ಆಡಲಿ ಎಂದರೆ ಹುಬ್ಬು ಹಾರಿಸುತ್ತದೆ. ನಮ್ಮಂಥವರಿಗೆ ಹೊಟ್ಟೆಪಾಡೊಂದನ್ನೇ ಬಿಟ್ಟುಕೊಟ್ಟು, ಶೌಕ್ ಎಂಬುದನ್ನು ಉಳ್ಳವರ ಹೆಸರಿಗೆ ಖಾತೆ ಮಾಡಿಟ್ಟಿದೆ. ಕಬ್ಬಿನ ಗದ್ದೆಯ ಹುಡುಗನೊಬ್ಬ ಯಾವ ಲಾಭಕ್ಕೂ ಅಲ್ಲದೆ ಅರ್ಧ ಗಂಟೆ ಆಕಾಶದಲ್ಲಿದ್ದು ಬಂದರೆ ಆ ಖಾತೆಯಲ್ಲಿ ಅವನ ಹೆಸರೂ ಸೇರಿತೆಂದು ನಮಗೆ ಅನ್ನಿಸುತ್ತದೆ.

ಆಪಾಗೆ ಈ ವಾದವೆಲ್ಲ ಒಪ್ಪಿಗೆಯಾಗಿಲ್ಲ. ಮೇಲಂತಸ್ತಿನ ಮಾತು ಈಗಲೂ ಎತ್ತುತ್ತಾರೆ. ಆದರೆ ಜನ ಏನಂತಾರೆ ಎಂದು ಕೇಳುವುದನ್ನು ಬಿಟ್ಟಿದ್ದಾರೆ. ಮೊದಲೆಲ್ಲ ಭಾನುವಾರ ಮಗನ ಫೋನು ಬಂದರೆ "ಊಟ ಆಯ್ತಾ?" ಎಂದು ಶುರು ಮಾಡುತ್ತಿದ್ದರು. ಈಗ ಮೊದಲು ಕೇಳುವುದು, "ಇಳಿದೆಯಾ ಬೇಟಾ?" ಎಂದು. ಆಮೇಲೆ ಊಟ.