ನಿಂತ ನೀರಿನ ನೌಕರಿ

ಪುಣೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರ್ ಎಂದರೆ ಜನ ಕೇಳುವ ಮುಂದಿನ ಪ್ರಶ್ನೆ, 'ಚಾಕಣವೋ, ಪಿಂಪರಿಯೋ?' ಖಡಕವಾಸಲಾ ಎಂದರೆ, 'ಓಹೋ, ಭಾನುವಾರ ಗೋವಿನಜೋಳದ ತೆನೆ ತಿನ್ನಲು ಬರ್ತೀವಲ್ಲ' ಎನ್ನುತ್ತಾರೆ. ಆ ತೆನೆಯ ಗಾಡಿಗಳಿಂದ ಸ್ವಲ್ಪ ದೂರದಲ್ಲೇ ಕೇಂದ್ರ ಸರ್ಕಾರದ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವಿದೆ. 1916ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಹುಟ್ಟಿದ ಸಂಸ್ಥೆ. ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಬಂದ ನಾನು ಇಲ್ಲೇ ಕೂದಲು ಬೆಳ್ಳಗಾಗಿಸಿಕೊಂಡೆ.

ಬಂದವರೆಲ್ಲ ನೋಡಲು ಇಷ್ಟಪಡುವುದು ಮಾದರಿಗಳನ್ನು. ನೂರಕ್ಕೆ ಒಂದರಂತೆ ಕುಗ್ಗಿಸಿದ ನದಿ, ಅಣೆಕಟ್ಟು. ಹಾಗೆ ಕುಗ್ಗಿಸಿದಾಗ ಕಾಲವೂ ಕುಗ್ಗುತ್ತದೆ, ಆದರೆ ಹತ್ತು ಪಟ್ಟು ಮಾತ್ರ. ನಿಜವಾದ ಹೊಳೆಯ ಒಂದು ಗಂಟೆ ಇಲ್ಲಿ ಆರು ನಿಮಿಷ. ನನ್ನ ಪಾಲಿಗೆ ಬಂದದ್ದು ಯಾರೂ ಫೋಟೊ ತೆಗೆಯದ ಕೆಲಸ: ಹರಿವಿನ ವೇಗ ಅಳೆಯುವ ಕರೆಂಟ್ ಮೀಟರುಗಳ ಪರೀಕ್ಷೆ.

ಉದ್ದನೆಯ ತೊಟ್ಟಿ, ಅದರ ಮೇಲೆ ಹಳಿ, ಹಳಿಯ ಮೇಲೆ ಟ್ರಾಲಿ. ಮೀಟರನ್ನು ಟ್ರಾಲಿಗೆ ತೂಗುಹಾಕಿ ನಿಂತ ನೀರಿನಲ್ಲಿ ಗೊತ್ತಾದ ವೇಗದಲ್ಲಿ ಎಳೆಯುತ್ತೇವೆ. ಸೆಕೆಂಡಿಗೆ ಅದರ ಚಕ್ರ ಎಷ್ಟು ಸುತ್ತಿತು ಎಂದು ಎಣಿಸಿದರೆ, ಸುತ್ತಿಗೂ ವೇಗಕ್ಕೂ ಇರುವ ಲೆಕ್ಕ ಸಿಗುತ್ತದೆ. ಒಮ್ಮೆ ಎಳೆದ ಮೇಲೆ ತೊಟ್ಟಿಯ ನೀರು ಮತ್ತೆ ಸುಮ್ಮನಾಗುವ ತನಕ ಕಾಯಬೇಕು. ನನ್ನ ನೌಕರಿಯ ದೊಡ್ಡ ಪಾಲು ಈ ಕಾಯುವಿಕೆಯೇ. ನನ್ನ ಜೊತೆ ಓದಿದವರು ಅಷ್ಟರಲ್ಲಿ ಎರಡು ಕಂಪನಿ ಬದಲಿಸಿ ಫ್ಲ್ಯಾಟ್ ಕೊಂಡಿದ್ದರು.

ನಮ್ಮದು ನರಗುಂದ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಊರು. ಅಪ್ಪ ಪುಣೆಗೆ ಬಂದಾಗ ಖಡಕವಾಸಲಾ ತೋರಿಸಿದ್ದೆ. ನೀರು ಮಟ್ಟ ಮೀರಿದರೆ ತಾವೇ ತೆರೆದುಕೊಳ್ಳುವ ಬಾಗಿಲುಗಳನ್ನು ವಿಶ್ವೇಶ್ವರಯ್ಯನವರು 1903ರಲ್ಲಿ ಮೊದಲು ಕೂರಿಸಿದ್ದು ಇಲ್ಲೇ ಎಂದೆ. 1961ರ ಜುಲೈ 12ರಂದು ಮೇಲಿನ ಪಾನಶೇತ್ ಒಡೆದು, ಇದೂ ಒಡೆದು, ಪುಣೆ ಮುಳುಗಿದ್ದನ್ನೂ ಹೇಳಿದೆ. ಅಪ್ಪನಿಗೆ ಎರಡನೆಯದೇ ಹಿಡಿಸಿತು. ಆಮೇಲೆ ನನ್ನ ತೊಟ್ಟಿ ನೋಡಿ, 'ಅಳದರ ನೀರು ಕಡಿಮಿ ಆಗತೈತೇನ?' ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ.

2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟಾಗ ಕೊಣ್ಣೂರು ಸೇರಿದಂತೆ ದಂಡೆಯ ಊರುಗಳಿಗೆ ಹೊಳೆ ನುಗ್ಗಿತು. ನಾನು ಪುಣೆಯಲ್ಲಿ ಫೋನ್ ಹಿಡಿದು ಕ್ಯೂಸೆಕ್ ಎಣಿಸುತ್ತಿದ್ದೆ. ಅಪ್ಪ ಮನೆ ಬಿಡಲೊಲ್ಲ. 'ಅಂಗಳಕ್ಕ ಬಂದ ಮ್ಯಾಲ ನೋಡೂಣು' ಎಂದ. ಆವತ್ತು ನಾನು ಮಗನಂತೆ ಬೇಡಿಕೊಳ್ಳಲಿಲ್ಲ. ಮುಂಜಾನೆ ಎಷ್ಟು ಬಿಟ್ಟಿದ್ದರು, ಈಗ ಎಷ್ಟು ಬಿಡುತ್ತಿದ್ದಾರೆ ಎಂಬ ಎರಡು ಅಂಕಿಗಳನ್ನಷ್ಟೇ ಹೇಳಿ ಸುಮ್ಮನಾದೆ. ಅತ್ತ ಕಡೆಯೂ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಎಮ್ಮೆಯ ಹಗ್ಗ ಬಿಚ್ಚಲು ಯಾರನ್ನೋ ಕೂಗಿದ್ದು ಕೇಳಿಸಿತು. ರಾತ್ರಿ ಅವ್ವ ಗಂಜಿ ಕೇಂದ್ರದಿಂದ ಫೋನ್ ಮಾಡಿದಳು. ಮನೆಯ ಹಿಂದಿನ ಗೋಡೆ ಬಿದ್ದಿತ್ತು.

ಈಗ ಮಳೆಗಾಲ ಬಂದರೆ ಅಪ್ಪನೇ ನನಗೆ ಕ್ಯೂಸೆಕ್ ವರದಿ ಕೊಡುತ್ತಾನೆ. ಮೊನ್ನೆ, ಮೀಟರನ್ನು ಹೊಳೆಯಲ್ಲಿ ಎಲ್ಲಿ ಇಳಿಸುತ್ತಾರೆ ಎಂದು ಕೇಳಿದ. ಹೊಳೆಯ ಅಗಲವನ್ನು ಪಟ್ಟಿಪಟ್ಟಿಯಾಗಿ ಭಾಗಮಾಡಿ, ಒಂದೊಂದರಲ್ಲೂ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಇಳಿಸಿ ಅಳೆದರೆ ಸರಾಸರಿ ವೇಗ ಸಿಗುತ್ತದೆ ಎಂದು ವಿವರಿಸಿದೆ.

'ನಡು ಹೊಳ್ಯಾಗ ಜೋರು, ದಂಡಿಗೆ ಸಾವಕಾಶ. ಇದು ನಮ್ಮ ಎಮ್ಮಿಗೂ ಗೊತ್ತೈತಿ' ಎಂದ.